ಅಕ್ಕೋರ ಕಣ್ಣಿನ ಎತ್ತರ

ಅಕ್ಕೋರ ಎಡಗಣ್ಣು ಬಲಗಣ್ಣಿಗಿಂತ ಒಂದು ಅಕ್ಕಿಕಾಳಿನಷ್ಟು ಸಣ್ಣದು. ಮೂವತ್ತು ವರ್ಷ ಆ ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಕಂಬ, ಗಿಡ, ಗುಮ್ಮಟ, ನೀರಿನ ಟಾಕಿಗಳ ತುದಿಯನ್ನು ನೋಡಿ ನೋಡಿ, ಸುತ್ತ ಬಿದ್ದ ನೆರಿಗೆಗಳು ಆಮೇಲೆ ಬಿಚ್ಚಲೇ ಇಲ್ಲ. ಆ ಕಣ್ಣನ್ನು ನಕಲು ಮಾಡಿ ನಾನು ಔರಾದ ತಾಲ್ಲೂಕಿನಲ್ಲಿ ಹೆಸರು ಗಳಿಸಿದೆ. ಕಡೆಗೆ ಅದೇ ಅಕ್ಕೋರ ಮಾತೊಂದನ್ನು ಗಿಳಿಯ ಹಾಗೆ ಒಪ್ಪಿಸಿ, ಗುಡ್ಡದ ಮೇಲಿನ ಮನೆಗೆ ನೀರು ಏರುತ್ತದೆ ಎಂದು ಓಣಿಗೆ ಓಣಿಯೇ ನಂಬುವಂತೆ ಮಾಡಿದೆ. ನೀರಿನ ಹತ್ತಿರ ಮಾತ್ರ ನನ್ನ ಮಾತು ನಡೆಯಲಿಲ್ಲ. ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ಜಾಣನೆಂದು ತಿಳಿದು ಅರ್ಧ ದಾರಿ ಬಂದುಬಿಡುತ್ತೀರಿ.

ನಮ್ಮೂರಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರು ಗಣಿತದ ಅಕ್ಕೋರು. ಮನೆ ಬೀದರಿನ ಚಿದ್ರಿಯಲ್ಲಿ. ದಿನಾ ಬೆಳಗಿನ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಔರಾದದ ಆಚೆಗಿರುವ ನಮ್ಮ ಊರಿನ ಹೈಸ್ಕೂಲಿಗೆ ಬರುತ್ತಿದ್ದರು. ಎತ್ತರ ಐದಡಿಗೂ ಕಡಿಮೆ. ಕಪ್ಪುಹಲಗೆಯ ಮೇಲಿನ ಅರ್ಧ ಅವರ ಕೈಗೆ ಎಟುಕುತ್ತಿರಲಿಲ್ಲ, ಹಾಗಾಗಿ ನಮ್ಮ ಶಾಲೆಯಲ್ಲಿ ಗಣಿತವೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ ಇತ್ತು. ಮೇಲಿನ ಅರ್ಧವನ್ನು ಸಮಾಜ ವಿಜ್ಞಾನದ ಮಾಸ್ತರರು ತಿಂಗಳುಗಟ್ಟಲೆ ಅಳಿಸದೇ ಬಿಟ್ಟಿದ್ದರು.

ಅವರ ಚೀಲದಲ್ಲಿ ಯಾವಾಗಲೂ ಎರಡು ಸಾಮಾನು. ಒಂದು, ಹಿತ್ತಾಳೆಯ ಕೋನಮಾಪಕ. ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಸೈಕಲ್ಲಿನ ಒಂದು ನಟ್ಟು ಇಳಿಬಿಟ್ಟಿದ್ದರು. ಅದರ ನೇರ ಅಂಚಿನ ಮೇಲೆ ಕಣ್ಣಿಟ್ಟು ಯಾವುದರ ತುದಿಯನ್ನಾದರೂ ನೋಡಿದರೆ, ನಟ್ಟು ತೂಗಿ ನಿಂತಲ್ಲಿ ಕೋನ ಸಿಗುತ್ತಿತ್ತು. ಎರಡನೆಯದು ಊಟದ ಡಬ್ಬಿ. ಅದರ ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಗೀಚಿ, ಒಂದರಿಂದ ಅರವತ್ತು ಡಿಗ್ರಿಯವರೆಗೆ ಟ್ಯಾನ್ ಬೆಲೆಗಳನ್ನು ಬರೆದುಕೊಂಡಿದ್ದರು. ದಾರಿಯಲ್ಲಿ ನಿಂತು "ಡಬ್ಬಿ ತಗೀ" ಎಂದರೆ ಹೊಸ ಮಕ್ಕಳು ಬಾಯಲ್ಲಿ ನೀರು ತಂದುಕೊಳ್ಳುತ್ತಿದ್ದರು. ಹಳಬರಾದ ನಾವು ಪೆನ್ಸಿಲ್ ತೆಗೆಯುತ್ತಿದ್ದೆವು.

ಒಮ್ಮೆ ನಮ್ಮನ್ನೆಲ್ಲ ಕರೆದುಕೊಂಡು ಭಾಲ್ಕಿ ಸ್ಟೇಶನ್ನಿನಲ್ಲಿ ರೈಲಿಗೆ ಕಾಯುತ್ತಿದ್ದರು. ರೈಲು ತಡ. ಅಕ್ಕೋರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಎಡಗಣ್ಣು ಮುಚ್ಚಿ, ಅಲ್ಲಿನ ನೀರಿನ ಟಾಕಿಗೆ ಗುರಿಯಿಟ್ಟರು. ಖಾಕಿ ಅಂಗಿಯವನೊಬ್ಬ ಸಂಶಯಪಟ್ಟು ಓಡಿಬಂದ.

"ಬಾಯಿ, ಏನ್ ಮಾಡ್ಲತ್ತೀರಿ?"

"ನಿಮ್ಮ ಟಾಕಿ ಐವತ್ತಮೂರು ಫೂಟ್ ಅದ ನೋಡ್ರಿ."

"ನಂಗೇನ್ ಗೊತ್ತಿಲ್ಲ ಬಿಡ್ರಿ."

"ಅದಕ್ಕೇ ಹೇಳ್ದೆ."

ಅವನು ತಲೆ ಕೆರೆದುಕೊಳ್ಳುತ್ತ ಹೋದ. ಹೋಗುವಾಗ ಮೂರು ಸಲ ತಿರುಗಿ ಟಾಕಿಯನ್ನೇ ನೋಡಿದ.

ಶಾಲೆಯ ಧ್ವಜದ ಕಂಬ ಅಳೆಯುವ ಪಾಠವನ್ನು ಪ್ರತಿ ವರ್ಷ ಮಾಡಿಸುತ್ತಿದ್ದರು. ಕಂಬದಿಂದ ಇಷ್ಟು ದೂರ ನಿಲ್ಲು, ತುದಿಯ ಕೋನ ನೋಡು, ದೂರವನ್ನು ಟ್ಯಾನ್‌ನಿಂದ ಗುಣಿಸು. ಕೊನೆಗೆ ನಿನ್ನ ಕಣ್ಣಿನ ಎತ್ತರ ಕೂಡಿಸು, ಯಾಕೆಂದರೆ ಕೋನ ಅಳೆದದ್ದು ಕಣ್ಣಿನಿಂದ, ನೆಲದಿಂದಲ್ಲ. ಪ್ರತಿ ವರ್ಷವೂ ಯಾರಾದರೊಬ್ಬರು ಅದನ್ನು ಮರೆಯುತ್ತಿದ್ದರು. ಆಗ ಅಕ್ಕೋರು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದರು: "ಯಾಕಪ, ಕಣ್ಣಿನ ತನಕ ನೆಲದಾಗ ಹೂತ್ಕೊಂಡು ನೋಡಿದಿ ಏನು? ಕಣ್ಣಿನ ಎತ್ತರ ಕೂಡ್ಸು!"

ಆ ಒಂದು ಮಾತು, ಆ ಸೊಂಟ, ಆ ಕಣ್ಣು. ನನಗೆ ಇನ್ನೇನು ಬೇಕಿತ್ತು? ಶಾಲೆಯ ಗ್ಯಾದರಿಂಗಿನಲ್ಲಿ ಮೊಣಕಾಲು ಮಡಚಿ ಗಿಡ್ಡನಾಗಿ, ಅಮ್ಮನ ಸೀರೆ ಸುತ್ತಿ, ಒಂದು ಕಣ್ಣು ಮುಚ್ಚಿ, ಮುಖ್ಯ ಅತಿಥಿಗಳ ಹೊಟ್ಟೆಯ ಕೋನ ಅಳೆದು "ಕಣ್ಣಿನ ಎತ್ತರ ಕೂಡ್ಸು!" ಎಂದು ಕೂಗಿದೆ. ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲೇ ಕೂತಿದ್ದ ಅಕ್ಕೋರು ನಗಲಿಲ್ಲ. ಸತ್ತೆನಲ್ಲ ಎಂದುಕೊಂಡೆ. ಮರುದಿನ ಕರೆದರು.

"ನಿನ್ನೆ ಯಾವ ಕಣ್ಣು ಮುಚ್ಚಿದಿ?"

"ಇದ್ರಿ..." ಎಂದು ಬಲಗಣ್ಣು ತೋರಿಸಿದೆ.

"ನಂದು ಎಡಗಣ್ಣು. ನನ್ನ ಎದುರು ಕೂತು ನೋಡೀಯಲ್ಲ, ಉಲ್ಟಾ ಕಂಡದ. ನಕಲ್ ಮಾಡೋದಾದ್ರ ಬರೋಬರಿ ಮಾಡಬೇಕು. ಯಾರು ಎಲ್ಲಿ ನಿಂತಾರ ಅನ್ನೋದು ಮೊದಲ್ ನೋಡು, ಆಮ್ಯಾಲ ಕಣ್ಣು ಮುಚ್ಚು."

ಆಮೇಲೆ ನಕ್ಕರು. ಹತ್ತನೆಯಲ್ಲಿ ಅವರು ನನ್ನನ್ನು ಗಣಿತದಲ್ಲಿ ಹೇಗೆ ಪಾಸು ಮಾಡಿಸಿದರು ಎಂಬುದು ನನಗೂ ಅವರಿಗೂ ಕಡೆಯವರೆಗೂ ಆಶ್ಚರ್ಯವಾಗಿಯೇ ಉಳಿಯಿತು.

ಬರಗಾಲದ ಸಂಗತಿ ನಾನು ಕಾಲೇಜು ಮುಗಿಸಿ, ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದಾಗಿನದು. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಮದುವೆಗಳೇ ನಿಂತವು. ನಾನು ಪುಕ್ಕಟೆ ನಗಿಸುತ್ತೇನೆಂದರೂ ಕರೆಯುವವರಿಲ್ಲ. ನಮ್ಮ ಗುಡ್ಡದ ಓಣಿಯಲ್ಲಿ ಇಪ್ಪತ್ತು ಮನೆಗಳಲ್ಲಿ ಹನ್ನೊಂದಕ್ಕೆ ಬೀಗ. ಕೆಲವರು ಪುಣೆಗೆ, ಉಳಿದವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ಕೂಲಿಯವರನ್ನು ಒಯ್ಯುವ ಮುಕಾದಮನ ಲಾರಿ ಸೋಮವಾರ ಸೋಮವಾರ ಬಂದು ಒಂದೆರಡು ಮನೆಗಳನ್ನು ಹೇರಿಕೊಂಡು ಹೋಗುತ್ತಿತ್ತು.

ನೀರು ಇರಲಿಲ್ಲವೆಂದಲ್ಲ. ಓಣಿಯ ಎದುರು ಒಂದು ಹಳ್ಳ, ಒಣಗಿದ್ದು. ಹಳ್ಳದಾಚೆ ಒಂದು ದಿನ್ನೆ. ದಿನ್ನೆಯ ಮೇಲೆ ಕೆಂಪುಕಲ್ಲು ಕಡಿದು ತೋಡಿದ ಹಳೆಯ ಬಾವಿ, ಅದು ಮಾತ್ರ ಬತ್ತಿರಲಿಲ್ಲ. ಬಾವಿಯ ಮಾಲಕ ಪುಣೆಗೆ ಹೋಗುವಾಗ ಎಣ್ಣೆ ಇಂಜಿನ್ನಿನ ಕೀಲಿಯನ್ನು ಓಣಿಯವರ ಕೈಗೇ ಕೊಟ್ಟು ಹೋಗಿದ್ದ. ಆದರೆ ಅಲ್ಲಿಂದ ಕೊಡ ಹೊತ್ತು ಹಳ್ಳ ಇಳಿದು ಗುಡ್ಡ ಏರುವುದರಲ್ಲಿ ಹೆಂಗಸರ ಜೀವ ಅರ್ಧವಾಗುತ್ತಿತ್ತು. ಮನುಷ್ಯರು ಹೇಗೋ ಕುಡಿದಾರು. ಓಣಿಯ ತುತ್ತತುದಿಯಲ್ಲಿ, ಉಳಿದವರಿಗಿಂತ ಎಂಟು ಅಡಿ ಮೇಲೆ ಮನೆ ಕಟ್ಟಿಕೊಂಡ ಕುರಿ ಕಾಕಾನ ನಲವತ್ತು ಕುರಿಗಳಿಗೆ ಯಾರು ಹೊರಬೇಕು?

ಕಾಕಾ ಕುರಿ ಮಾರಿ ಲಾರಿ ಹತ್ತುವುದೆಂದು ತೀರ್ಮಾನಿಸಿದ್ದ. ತೊಂದರೆ ಇಷ್ಟೇ: ಅವನ ಮಗಳು ಹತ್ತನೇ ಇಯತ್ತೆ. ಪರೀಕ್ಷೆಗೆ ಮೂರು ವಾರ. ಅಪ್ಪ ಅವ್ವ ಹೋದರೆ ಅವಳೊಬ್ಬಳನ್ನೇ ಬಿಟ್ಟು ಹೋಗುವ ಮಾತೇ ಇಲ್ಲ. ಅವಳು ಅಕ್ಕೋರ ಕಣ್ಮಣಿ. ಡಬ್ಬಿ ತೆಗೆಯದೆ ಟ್ಯಾನ್ ಬೆಲೆ ಹೇಳುತ್ತಿದ್ದ ಏಕೈಕ ಪ್ರಾಣಿ.

ಅಕ್ಕೋರು ಕಾಕಾನ ಮನೆಗೆ ಏರಿ ಬಂದು ಏದುಸಿರು ಬಿಡುತ್ತ ಹೇಳಿದರು: "ಬಾವಿ ಬಾಜು ಒಂದು ಟಾಕಿ ಇಡೋಣು. ಇಂಜಿನ್ ಹಚ್ಚಿ ತುಂಬೋಣು. ಅಲ್ಲಿಂದ ಪೈಪ್ ಹಳ್ಳಕ್ಕ ಇಳಿಸಿ, ಈ ಕಡಿ ಏರಿಸೋಣು. ನೀರು ತಾನೇ ಬರ್ತದ."

ಕಾಕಾ ಬಾಯಿ ತೆರೆದ. "ಹಳ್ಳಕ್ಕ ಇಳಿದ ನೀರು ಮತ್ತ ಗುಡ್ಡ ಏರ್ತದೇನ್ರಿ? ಅದಕ್ಕೇನ್ ಕಾಲ್ ಅವಾ?"

"ಇಳಿದಷ್ಟು ಏರ್ತದ. ಹೊಂಟ ಜಾಗಕ್ಕಿಂತ ಮ್ಯಾಲ ಮಾತ್ರ ಏರಲ್ಲ. ದಿನ್ನಿ ನಿಮ್ಮ ಮನಿಗಿಂತ ಎತ್ತರ ಅದನೋ ಇಲ್ಲೋ, ಅದೊಂದೇ ನೋಡೋದು."

"ಕಣ್ಣಿಗಿ ಕಾಣ್ಸಲ್ತದಲ್ರಿ, ದಿನ್ನಿ ಗಿಡ್ಡ ಅದ."

"ಕಣ್ಣು ಹಾಂಗೇ ಹೇಳ್ತದ ಕಾಕಾ. ಅಳೀಬೇಕು."

ಕಾಕಾ ಕುರಿಗಳ ಕಡೆ ನೋಡಿ ಅಂದ: "ಮುಂದಿನ ಸೋಮವಾರದ ತನಕ ನಿಲ್ತೇನ್ರಿ. ನೀರು ಮನಿ ಮುಂದ ಬಂದ್ರ ಇರ್ತೇವಿ. ಇಲ್ಲಾಂದ್ರ ಲಾರಿ."

ಪೈಪು, ಕಪ್ಪು ಪ್ಲಾಸ್ಟಿಕ್ಕಿನ ಟಾಕಿ ಎರಡೂ ಪಂಚಾಯಿತಿಯಿಂದ ಸಿಕ್ಕವು. ಸಿಕ್ಕ ದಿನವೇ ಅಕ್ಕೋರಿಗೆ ಭಾಲ್ಕಿಯಲ್ಲಿ ಎಂಟು ದಿನದ ತರಬೇತಿ ಬಿತ್ತು. ಅವರು ಭಾಲ್ಕಿಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೆ ಊಟದ ಡಬ್ಬಿ ಕಳಿಸಿದರು. ತೆರೆದರೆ ಒಳಗೆ ಹಿತ್ತಾಳೆಯ ಕೋನಮಾಪಕ, ಒಂದು ಚೀಟಿ: "ನೀನೇ ಅಳೆ. ಹುಡುಗಿಯ ಸಹಾಯ ತಗೋ. ನನಗೆ ತೋರಿಸುವವರೆಗೆ ಯಾರಿಗೂ ಸಂಖ್ಯೆ ಹೇಳಬೇಡ." ಕಂಡಕ್ಟರ್ ನಿರಾಶನಾಗಿ, "ಚಪಾತಿ ಇರಬೇಕಂತ ಭಾಲ್ಕಿಯಿಂದ ಮೂಸ್ಕೋತ ಬಂದೀನಪ," ಎಂದ.

ಅಳತೆಯ ದಿನ ಇಡೀ ಓಣಿ ಸೇರಿತು. ಬಹಳ ದಿನದ ಮೇಲೆ ನನಗೆ ಪ್ರೇಕ್ಷಕರು! ಮೊದಲು ಹಳ್ಳದ ಅಗಲ. ಅದಕ್ಕೆ ಅಕ್ಕೋರ ಉಪಾಯವಿತ್ತು: ಬಾವಿಯ ಬೇವಿನ ಗಿಡಕ್ಕೆ ನೆಟ್ಟಗೆ ಎದುರು ನಿಂತು, ಅಲ್ಲಿಂದ ಓಣಿಯ ಅಂಚಿನ ಗುಂಟ ನೇರ ನಡೆಯುತ್ತ ಹೋಗುವುದು. ಗಿಡ ನಲವತ್ತೈದು ಡಿಗ್ರಿಗೆ ಕಂಡಲ್ಲಿ ನಿಲ್ಲುವುದು. ನಡೆದಷ್ಟೇ ಹಳ್ಳದ ಅಗಲ. ಹಗ್ಗ ಹಿಡಿದು ಅಳೆದೆವು, ಮುನ್ನೂರು ಅಡಿ. ಹಳ್ಳಕ್ಕೆ ಇಳಿಯದೆ ಹಳ್ಳ ಅಳೆದದ್ದು ಕಂಡು ಮುದುಕರು ಬೀಡಿ ಹೊತ್ತಿಸುವುದನ್ನು ಮರೆತರು.

ಆಮೇಲೆ ನಾನು ದಿನ್ನೆಗೆ ಹೋದೆ. ಹುಡುಗಿ ಓಣಿಯ ನಡುವೆ, ನಳ ಕೂಡಿಸುವ ಜಾಗದ ಬುಡದಲ್ಲಿ, ಕೆಂಪು ಬಟ್ಟೆಯೊಂದನ್ನು ನೆಲಕ್ಕೆ ಹಿಡಿದು ಕೂತಳು. ನಾನು ಟಾಕಿ ಇಡುವ ಜಾಗದಲ್ಲಿ ನಿಂತು ಎಡಗಣ್ಣು, ಹೌದು, ಸರಿಯಾದ ಎಡಗಣ್ಣೇ, ಮುಚ್ಚಿ ನೋಡಿದೆ. ಓಣಿ ಎರಡು ಡಿಗ್ರಿ ಕೆಳಗಿತ್ತು! ಕಣ್ಣು ಹೇಳಿದ್ದು ಸುಳ್ಳು, ದಿನ್ನೆಯೇ ಎತ್ತರ. ಡಬ್ಬಿಯ ಮುಚ್ಚಳ ನೋಡಿ ಗುಣಿಸಿದೆ: ಹತ್ತೂವರೆ ಅಡಿ. ಆಗ ನನ್ನ ಒಳಗಿನ ಮಿಮಿಕ್ರಿಯವನು ಎದ್ದ. ಸೊಂಟದ ಮೇಲೆ ಕೈ, ಮಡಚಿದ ಮೊಣಕಾಲು, "ಕಣ್ಣಿನ ಎತ್ತರ ಕೂಡ್ಸು!" ಎಂದು ಹಳ್ಳದಾಚೆಗೆ ಕೇಳುವಂತೆ ಕೂಗಿದೆ. ಆ ದಡದಲ್ಲಿ ನಗು. ನನ್ನ ಕಣ್ಣಿನ ಎತ್ತರ ಐದೂವರೆ ಅಡಿ. ಕೂಡಿಸಿದೆ. ಹದಿನಾರು!

ಯಾರಿಗೂ ಹೇಳಬೇಡ ಎಂಬ ಚೀಟಿ ಜೇಬಿನಲ್ಲಿತ್ತು. ಬಾಯಿ ಜೇಬಿನಲ್ಲಿರಲಿಲ್ಲ. "ಹದಿನಾರು ಫೂಟ್ ಅದ ಕಾಕಾ! ನಿನ್ ಮನಿಗಿ ಎಂಟ್ ಸಾಕು, ಇನ್ನೆಂಟು ಕುರಿಗಿ ಜಳಕಕ್ಕ!"

ಹುಡುಗಿ ಮಾತ್ರ ನಾನು ಈಚೆಗೆ ಬಂದಾಗ ಹುಬ್ಬು ಗಂಟಿಕ್ಕಿದ್ದಳು. "ಅಣ್ಣಾ, ಅಲ್ಲಿ ಕೂಡ್ಸೋದಾ? ನೀ ಕೆಳಗ ನೋಡ್ಲತ್ತಿದ್ದಿ..."

"ಏಯ್, ಅಕ್ಕೋರ ಮಾತ್ ಅದು. ನೀ ನಂಗ ಕಲಿಸ್ತಿ?"

ನಾಲ್ಕು ದಿನ ಅಗೆದು ಪೈಪು ಹೂತೆವು. ಶನಿವಾರ ಮಧ್ಯಾಹ್ನ ಇಂಜಿನ್ ಹಚ್ಚಿ ಟಾಕಿ ತುಂಬಿಸಿದೆವು. ಕಾಕಾನ ಮನೆಯ ಮುಂದೆ ಪೈಪಿನ ಬಾಯಿಗೆ ಎಲ್ಲರೂ ಬಗ್ಗಿ ಕೂತರು. ಮೊದಲು ಗಾಳಿ ಬುಸುಗುಟ್ಟಿತು. ಆಮೇಲೆ ಮಣ್ಣು ಉಗುಳಿತು. ಆಮೇಲೆ ಹೆಬ್ಬೆರಳು ದಪ್ಪ ನೀರು! ಕಾಕಾ ನನ್ನನ್ನು ಹೆಗಲ ಮೇಲೆ ಎತ್ತಿದ. ಒಂದು ಕೊಡ ತುಂಬಿತು, ಐದು ತುಂಬಿದವು. ಕುರಿಗಳು ಕುಡಿಯುವ ಕಲ್ಲಿನ ದೋಣಿ ತುಂಬಬೇಕೆನ್ನುವಷ್ಟರಲ್ಲಿ ಧಾರೆ ದಾರವಾಯಿತು, ದಾರ ಹನಿಯಾಯಿತು, ಹನಿ ನಿಂತಿತು. ನಾನಿನ್ನೂ ಹೆಗಲ ಮೇಲೇ ಇದ್ದೆ. ಕೆಳಗೆ ಓಣಿಯ ನಳದಲ್ಲಿ ನೀರು ಭರ್ಜರಿ ಬರುತ್ತಿತ್ತು. ಇಲ್ಲಿ ಮಾತ್ರ ಇಲ್ಲ.

ಕಾಕಾ ಬೈಯಲಿಲ್ಲ. ಮೆಲ್ಲಗೆ ಇಳಿಸಿದ. "ಇರ್ಲಿ ಬಿಡಪ. ಓಣಿ ಮಂದಿಗಾದ್ರೂ ಬಂತು," ಎಂದು ಒಳಗೆ ಹೋಗಿ ಪಾತ್ರೆಗಳನ್ನು ಗೋಣಿಯಲ್ಲಿ ತುಂಬತೊಡಗಿದ. ಹುಡುಗಿ ತನ್ನ ಪುಸ್ತಕಗಳನ್ನು ತಂದು ಗೋಣಿಯ ಪಕ್ಕ ಇಟ್ಟಳು, ಮತ್ತೆ ಒಳಗೆ ಒಯ್ದಳು, ಮತ್ತೆ ತಂದಳು. ಅದನ್ನು ನಾನು ಇಂದಿಗೂ ನಕಲು ಮಾಡಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಭಾಲ್ಕಿಗೆ ಹೋದೆ. ರಜೆಯೆಂದು ಚಿದ್ರಿಗೆ ಹೊರಟಿದ್ದ ಅಕ್ಕೋರು ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕರು. ಎಲ್ಲ ಹೇಳಿದೆ. ಅವರು ಬೈಗುಳಕ್ಕೆ ಸಮಯ ಹಾಳು ಮಾಡಲಿಲ್ಲ.

"ಎಲ್ಲಿ ನಿಂತು ನೋಡಿದಿ?"

"ದಿನ್ನಿ ಮ್ಯಾಲ್ರಿ. ಓಣಿ ಎರಡ್ ಡಿಗ್ರಿ ಕೆಳಗ ಬಂತ್ರಿ. ಹತ್ತೂವರಿ ಫೂಟ್."

"ಯಾವುದಕ್ಕಿಂತ ಕೆಳಗ?"

"ದಿನ್ನಿಗಿಂತ್ರಿ."

"ದಿನ್ನಿಗಿ ಕಣ್ಣಾವೇನು?"

ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ.

"ನಿನ್ನ ಕಣ್ಣಿಗಿಂತ ಹತ್ತೂವರಿ ಕೆಳಗ. ನೀರು ನಿನ್ನ ಕಣ್ಣಿಂದ ಹೊಂಡಲ್ಲ ಬಾಬಾ, ನಿನ್ನ ಕಾಲ್ ಬುಡದಿಂದ ಹೊಂಡ್ತದ. ಮ್ಯಾಲ ನೋಡಿದಾಗ ಕಣ್ಣಿನ ಎತ್ತರ ಕೂಡ್ಸು. ಕೆಳಗ ನೋಡಿದಾಗ ಕಳಿ!"

ನೀರು ನನ್ನ ಕಣ್ಣಿನಿಂದಲೂ ಹೊರಡುವುದರಲ್ಲಿತ್ತು, ಅದನ್ನು ಹೇಳಲಿಲ್ಲ. ಅಕ್ಕೋರು ಟಿಕೆಟ್ಟಿನ ಹಿಂದೆ ಗೀಚಿದರು. ಹತ್ತೂವರೆಯಲ್ಲಿ ಐದೂವರೆ ಹೋದರೆ ಐದು. ದಿನ್ನೆ ಓಣಿಗಿಂತ ಐದೇ ಅಡಿ ಎತ್ತರ. ಟಾಕಿಯಲ್ಲಿ ತುಂಬಿದ ನೀರು ನಾಲ್ಕಡಿ. ಒಟ್ಟು ಒಂಬತ್ತು, ಕಾಕಾನ ಮನೆ ಎಂಟರಲ್ಲಿದೆ. ಅದಕ್ಕೇ ನೀರು ಬಂತು, ಟಾಕಿಯಲ್ಲಿ ಒಂದಡಿ ಇಳಿದ ಕೂಡಲೇ ನಿಂತಿತು. "ಪಾಪ, ನೀರು ಬರೋಬರಿ ಲೆಕ್ಕ ಮಾಡ್ಯದ," ಎಂದರು.

"ಈಗೇನ್ ಮಾಡೋದ್ರಿ?"

"ದಿನ್ನಿ ಬೆಳಸೋದು. ಟಾಕಿ ಕೆಳಗ ಐದು ಫೂಟ್ ಕಟ್ಟಿ. ಮೂರು ಸಾಕು, ಖರೆ, ಆದ್ರ ಅಷ್ಟು ಉದ್ದ ಬರೋ ನೀರಿಗೂ ದಣಿವು ಇರ್ತದ. ನಡೀ."

ಚಿದ್ರಿಯ ಬಸ್ಸು ಬಿಟ್ಟು ಔರಾದದ ಬಸ್ಸು ಹತ್ತಿದರು. ಊರಿಗೆ ಬಂದವರೇ ಮೊದಲು ತಾವೇ ದಿನ್ನೆಯ ಮೇಲೆ ನಿಂತು ಮತ್ತೊಮ್ಮೆ ಅಳೆದು, ತಮ್ಮ ಕಣ್ಣಿನ ಎತ್ತರ ಕಳೆದರು. ಐದೇ ಬಂತು. ಯಾರಿಗೂ ಹೇಳಲಿಲ್ಲ, ನನಗೆ ಐದು ಬೆರಳು ತೋರಿಸಿದರು ಅಷ್ಟೇ. ದಿನ್ನೆಯ ಹಿಂದೆ ಬಿದ್ದುಹೋದ ಒಂದು ಗೋಡೆಯ ಕೆಂಪುಕಲ್ಲುಗಳಿದ್ದವು. ಹೊತ್ತವರಲ್ಲಿ ಮೊದಲಿಗ ನಾನು, ಕೊನೆಯವನೂ ನಾನು. ಕಾಕಾ ಕೂಡ ಗೋಣಿ ಕಟ್ಟುವುದು ಬಿಟ್ಟು ಬಂದು ಕಲ್ಲು ಕೂಡಿಸಿದ. "ಕುಂತು ಮಾಡೋದೇನದ, ಲಾರಿ ನಾಳಿಗಿ ಅಲ್ಲ?" ಎಂದ. ಹೊತ್ತು ಇಳಿಯುವ ಮುಂಚೆ ಕಟ್ಟೆ ಎದ್ದಿತು, ಟಾಕಿ ಅದರ ಮೇಲೆ ಕೂತಿತು, ಇಂಜಿನ್ ಕೆಮ್ಮಿತು.

ಈ ಸಲ ಯಾರೂ ಬಗ್ಗಿ ಕೂಡಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀರು ಬಂತು. ಕೊಡ ತುಂಬಿತು, ದೋಣಿ ತುಂಬಿತು, ಕುರಿಗಳು ಒಂದರ ಮೇಲೊಂದು ಬಿದ್ದು ಕುಡಿದವು. ಟಾಕಿ ತಳ ಕಂಡ ಮೇಲೆಯೇ ಧಾರೆ ನಿಂತದ್ದು. ಕಾಕಾ ಒಳಗೆ ಹೋಗಿ ಗೋಣಿಯನ್ನು ನೆಲಕ್ಕೆ ಬೋರಲು ಹಾಕಿದ. ಪಾತ್ರೆಗಳ ಸದ್ದು ಓಣಿಯ ಕೆಳಗಿನವರೆಗೆ ಕೇಳಿತು.

ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತು. ಕಡೆಯ ಸಲ ಚಿದ್ರಿಯ ಮನೆಗೆ ಹೋದಾಗ ಹಾಸಿಗೆಯಲ್ಲಿದ್ದರು. ತಲೆದೆಸೆಯ ಗೋಡೆಯ ಮೇಲೆ ಬುದ್ಧನ ಪಟ. "ಅವನೂ ಅರ್ಧ ಕಣ್ಣು ಮುಚ್ಚಿ ಕೂತಾನ, ಆದ್ರ ಎರಡೂ ಮುಚ್ಚ್ಯಾನ. ಅವನ್ನ ನಕಲ್ ಮಾಡೋದು ನಿನ್ ಕೈಲಿ ಆಗಲ್ಲ, ಸುಮ್ಮ ಕೂಡಬೇಕಾಗ್ತದ," ಎಂದು ನಕ್ಕಿದ್ದರು. ಕೋನಮಾಪಕವನ್ನು ಆ ಹುಡುಗಿಗೆ ಕೊಟ್ಟರು, ಅದು ನ್ಯಾಯವೇ. ಡಬ್ಬಿಯ ಮುಚ್ಚಳ ನನಗೆ. ಈಗಲೂ ಯಾರಾದರೂ ಒಂದು ಸಂಖ್ಯೆಯನ್ನೋ ಒಬ್ಬರ ಮೇಲಿನ ಚಾಡಿಯನ್ನೋ ಗಟ್ಟಿಯಾಗಿ ಹೇಳಿದರೆ, ಹೇಳಿದವರು ಎಲ್ಲಿ ನಿಂತು ನೋಡಿದರು ಎಂದು ನನಗೆ ತಾನಾಗಿ ಕೇಳಬೇಕೆನಿಸುತ್ತದೆ. ಅಷ್ಟು ಮಟ್ಟಿಗೆ ಅವರ ಋಣ ನನ್ನ ಮೇಲಿದೆ.

ಆದರೆ ಆ ಭಾನುವಾರ ಸಂಜೆ ನನಗೆ ಇನ್ನೂ ಇಷ್ಟು ಬುದ್ಧಿ ಬಂದಿರಲಿಲ್ಲ. ಕಲ್ಲು ಹೊತ್ತು ಸುಲಿದ ಕೈಗಳನ್ನು ಧಾರೆಗೆ ಹಿಡಿದು, ಎಲ್ಲರಿಗೂ ಕೇಳುವಂತೆ ಅಂದೆ: "ನೋಡ್ರಿ ಅಕ್ಕೋರೆ, ಅಗಲ ಬರೋಬರಿ ಇತ್ತು, ಕೋನ ಬರೋಬರಿ ಇತ್ತು, ಗುಣಾಕಾರ ಬರೋಬರಿ ಇತ್ತು. ಕಳಿಯೋ ಬದ್ಲಿ ಕೂಡ್ಸೀನಿ, ಅಷ್ಟೇ. ಭಾಳ ಸಣ್ಣದ್ರಿ."

ಅಕ್ಕೋರು ನನ್ನ ಕಡೆ ನೋಡಲಿಲ್ಲ. ಹೊಸ್ತಿಲ ಮೇಲೆ ಕೂತು, ಗೋಣಿಯಿಂದ ತೆಗೆದ ಪುಸ್ತಕಗಳ ಧೂಳನ್ನು ಲಂಗದ ಅಂಚಿನಿಂದ ಒರೆಸುತ್ತಿದ್ದ ಹುಡುಗಿಯನ್ನು ನೋಡುತ್ತಿದ್ದರು.

"ಹೌದು ಬಾಬಾ, ಸಣ್ಣದೇ ಅದ. ಹದಿನೈದು ವರ್ಷದ್ದು. ನಾಳಿ ಮುಂಜಾನಿ ಲಾರಿ ಹತ್ತಿ ಹೈದರಾಬಾದಿಗಿ ಹೊಂಟಿತ್ತು."